ಬರೆದಂತೆ ನಡೆಯದ ಹಬ್ಬ

ಈಸ್ಟರ್ ನಂತರದ ಭಾನುವಾರದ ಸಂದೇಶ
ವಾಕ್ಯಭಾಗ: 2 ಪೂರ್ವಕಾಲವೃತ್ತಾಂತ 30ನೇ ಅಧ್ಯಾಯ

ಎಲ್ಲರೂ ಕೈಗಳನ್ನ ಎತ್ತಿ ಒಮ್ಮೆ ದೇವರಿಗೆ ಸ್ತೋತ್ರ ಹೇಳೋಣ. ಹಲ್ಲೆಲೂಯಾ! ಹಿಂದೆ ಮಗುವನ್ನ ಎತ್ತಿಕೊಂಡು ನಿಂತಿರೋ ಸಹೋದರಿಯರೇ, ಒಂದು ಕೈ ಎತ್ತಿದರೂ ಸಾಕು.

ಕಳೆದ ವಾರ ಖಾಲಿ ಸಮಾಧಿಯ ಬಗ್ಗೆ ಧ್ಯಾನ ಮಾಡಿದ್ವಿ. ಈ ವಾರ ಎಮ್ಮಾವು ದಾರಿ ಅಥವಾ ತೋಮನ ಬಗ್ಗೆ ಬರುತ್ತೆ ಅಂತ ನೀವು ಅಂದುಕೊಂಡಿರಬಹುದು. ಆದ್ರೆ ಈ ವಾರ ಪೂರ್ತಿ ಕರ್ತನು ನನ್ನ ಮನಸ್ಸಿನಲ್ಲಿ ಇಟ್ಟದ್ದು ಹಳೆ ಒಡಂಬಡಿಕೆಯ ಒಂದು ಹಬ್ಬವನ್ನ. ಪೂರ್ವಕಾಲವೃತ್ತಾಂತ ಅಂದ ತಕ್ಷಣ ಕೆಲವರ ಮುಖ ನೋಡಿದೆ. ವರ್ಷಕ್ಕೊಂದು ಸಲ ಬೈಬಲ್ ಓದಿ ಮುಗಿಸೋ ಪ್ಲ್ಯಾನ್ ತಗೊಂಡವರು ಸಾಮಾನ್ಯವಾಗಿ ಕೈಬಿಡೋ ಜಾಗ ಇದು. ಒಂಬತ್ತು ಅಧ್ಯಾಯ ಬರೀ ಹೆಸರುಗಳು. ಆದ್ರೆ ಆ ಹೆಸರುಗಳನ್ನ ದಾಟಿ, ಎರಡನೇ ಪುಸ್ತಕಕ್ಕೆ ಬಂದು, ಮೂವತ್ತನೇ ಅಧ್ಯಾಯಕ್ಕೆ ತಲುಪಿದವರಿಗೆ ಒಂದು ಬಹುಮಾನ ಇದೆ. ತೆರೆಯಿರಿ.

ರಾಜ ಹಿಜ್ಕೀಯ. ಪಟ್ಟಕ್ಕೆ ಬಂದಾಗ ಅವನ ವಯಸ್ಸು 25. ಇಲ್ಲಿ ಕೂತಿರೋ ಎಷ್ಟೋ ಜನರ ವಯಸ್ಸು ಅದೇ. ನೀವು ಈಗ ಪ್ರೊಬೇಷನ್ ಮುಗಿಸಿ ಮೊದಲ ಅಪ್ರೈಸಲ್‌ಗೆ ಕಾಯ್ತಾ ಇರ್ತೀರಿ, ಅವನ ಕೈಗೆ ಒಂದು ರಾಜ್ಯ ಬಂತು. ಅದೂ ಎಂಥ ಸ್ಥಿತಿಯಲ್ಲಿ? ಅವನ ತಂದೆ ಆಹಾಜ ದೇವಾಲಯದ ಬಾಗಿಲುಗಳನ್ನೇ ಮುಚ್ಚಿಸಿಬಿಟ್ಟಿದ್ದ. ದೀಪ ಆರಿತ್ತು, ಧೂಪ ಇರಲಿಲ್ಲ, ಒಳಗೆ ಅಶುದ್ಧವಾದದ್ದೆಲ್ಲ ತುಂಬಿತ್ತು. ಮಗ ರಾಜನಾದ ಮೊದಲನೇ ವರ್ಷದ ಮೊದಲನೇ ತಿಂಗಳಲ್ಲೇ ಬಾಗಿಲು ತೆಗೆಸಿದ, ಲೇವಿಯರನ್ನ ಕರೆಸಿದ, ಶುದ್ಧೀಕರಣ ಶುರುವಾಯ್ತು. 29ನೇ ಅಧ್ಯಾಯ 17ನೇ ವಚನ ನೋಡಿ. ಆ ಕೆಲಸ ಮುಗಿದದ್ದು ಮೊದಲನೇ ತಿಂಗಳ 16ನೇ ದಿನ.

ಪಸ್ಕ ಹಬ್ಬ ಯಾವ ದಿನ? ಮೊದಲನೇ ತಿಂಗಳ 14ನೇ ದಿನ.

ಎರಡು ದಿನ ತಡ! ಯೋಚನೆ ಮಾಡಿ. ವರ್ಷಗಟ್ಟಲೆ ಮುಚ್ಚಿದ್ದ ದೇವಾಲಯ ಶುದ್ಧವಾಯ್ತು, ಎಲ್ಲರೂ ಬೆವರು ಒರೆಸಿಕೊಂಡು ಹೊರಗೆ ಬಂದ್ರು, ಕ್ಯಾಲೆಂಡರ್ ನೋಡಿದ್ರೆ ಹಬ್ಬ ಮೊನ್ನೆನೇ ಆಗಿಹೋಗಿದೆ. ಮನೆ ಗುಡಿಸಿ ಸಾರಿಸಿ ಸಿದ್ಧವಾಗೋ ಹೊತ್ತಿಗೆ ನೆಂಟರು ಬಂದು ಹೋಗಿದ್ದಾರೆ ಅನ್ನೋ ಹಾಗೆ. ನಾವಾಗಿದ್ರೆ ಏನು ಮಾಡ್ತಿದ್ವಿ? ಈ ವರ್ಷ ಬಿಡಿ, ಮುಂದಿನ ವರ್ಷ ನೀಟಾಗಿ ಮಾಡೋಣ ಅಂತಿದ್ವಿ. ಹಿಜ್ಕೀಯ ಹಾಗನ್ನಲಿಲ್ಲ. ಅಧಿಕಾರಿಗಳ ಜೊತೆ, ಸಭೆಯ ಜೊತೆ ಕೂತು ಆಲೋಚನೆ ಮಾಡಿ, ಎರಡನೇ ತಿಂಗಳಲ್ಲಿ ಮಾಡೋಣ ಅಂತ ತೀರ್ಮಾನಿಸಿದ. ಇದು ಅವನು ಸ್ವಂತವಾಗಿ ಹುಟ್ಟಿಸಿದ ದಾರಿಯೂ ಅಲ್ಲ. ಅರಣ್ಯಕಾಂಡ 9ನೇ ಅಧ್ಯಾಯದಲ್ಲಿ ಹೆಣ ಮುಟ್ಟಿ ಅಶುದ್ಧರಾದವರು, ದೂರ ಪ್ರಯಾಣದಲ್ಲಿ ಇರುವವರು ಒಂದು ತಿಂಗಳು ತಡವಾಗಿ ಪಸ್ಕ ಆಚರಿಸಬಹುದು ಅಂತ ಮೋಶೆಯ ಕಾಲದಲ್ಲೇ ದೇವರು ಅವಕಾಶ ಕೊಟ್ಟಿದ್ದನು. ನಮ್ಮ ದೇವರು ತಡವಾಗಿ ಬರೋರಿಗೆ ಅಂತ ಒಂದು ತಾರೀಕು ಇಟ್ಟಿದ್ದಾನೆ ಪ್ರಿಯರೇ. ಆಮೆನ್?

ಇನ್ನೂ ಮುಂದೆ ಓದಿದ್ರೆ ತಾರೀಕೊಂದೇ ತೊಂದರೆ ಅಲ್ಲ. ದಾನ್‌ನಿಂದ ಬೇರ್ಷೆಬದವರೆಗೆ ಓಲೆಕಾರರನ್ನ ಕಳಿಸಿದ್ರೆ ಬಹಳ ಜನ ಅವರನ್ನ ನೋಡಿ ನಕ್ಕರು, ಗೇಲಿ ಮಾಡಿದರು. ಆಶೇರ್, ಮನಸ್ಸೆ, ಜೆಬುಲೂನ್ ಕಡೆಯಿಂದ ಕೆಲವರು ಮಾತ್ರ ತಗ್ಗಿಸಿಕೊಂಡು ಬಂದರು. ಆಶೇರ್ ಅಂದ್ರೆ ಉತ್ತರದ ಕರಾವಳಿ. ಅಲ್ಲಿಂದ ಯೆರೂಸಲೇಮಿಗೆ 100 ಕಿಲೋಮೀಟರಿಗೂ ಹೆಚ್ಚು ದಾರಿ. ಹಾಗೆ ಬಂದವರಲ್ಲಿ ಬಹಳ ಮಂದಿ ತಮ್ಮನ್ನ ಶುದ್ಧಿ ಮಾಡಿಕೊಂಡಿರಲಿಲ್ಲ. ಕ್ರಮ ಗೊತ್ತಿತ್ತೋ ಇಲ್ವೋ, ಬರೆದಿರೋದಕ್ಕೆ ವಿರುದ್ಧವಾಗಿ ಪಸ್ಕದ ಊಟ ಮಾಡಿಬಿಟ್ಟರು. ದೇವಾಲಯದ ಮಟ್ಟಿಗೆ ಅದು ಸಣ್ಣ ವಿಷಯ ಅಲ್ಲ.

ಆಗ ರಾಜ ಪ್ರಾರ್ಥನೆ ಮಾಡಿದ. 18ನೇ ವಚನದಿಂದ ಅದನ್ನ ಈ ವಾರ ಮನೇಲಿ ಕೂತು ನಿಧಾನಕ್ಕೆ ಓದಿ. ನನ್ನ ಮಾತಲ್ಲಿ ಹೇಳೋದಾದ್ರೆ: ಕರ್ತನೇ ನೀನು ಒಳ್ಳೆಯವನು, ಇವರು ಪವಿತ್ರಾಲಯದ ಕ್ರಮದ ಪ್ರಕಾರ ಬಂದಿಲ್ಲ, ಆದ್ರೆ ನಿನ್ನನ್ನ ಹುಡುಕಬೇಕು ಅಂತ ಮನಸ್ಸು ಮಾಡಿ ಬಂದಿದ್ದಾರೆ, ಇವರನ್ನ ಕ್ಷಮಿಸು. ದೇವರು ಕೇಳಿದನು. ಕೇಳಿದ್ದು ಮಾತ್ರ ಅಲ್ಲ, ಜನರನ್ನ ಸ್ವಸ್ಥ ಮಾಡಿದನು ಅಂತ ಬರೆದಿದೆ. ಮುಂದೆ ಆದದ್ದೇನು? ಏಳು ದಿನದ ಹಬ್ಬ ಮುಗೀತು, ಯಾರಿಗೂ ಮನೆಗೆ ಹೋಗೋ ಮನಸ್ಸಿಲ್ಲ. ಇನ್ನೂ ಏಳು ದಿನ ಮಾಡೋಣ ಅಂತ ಎಲ್ಲರೂ ಒಪ್ಪಿದರು! ರಾಜ 1,000 ಹೋರಿ, 7,000 ಕುರಿ ಕೊಟ್ಟ, ಅಧಿಕಾರಿಗಳು 1,000 ಹೋರಿ, 10,000 ಕುರಿ ಕೊಟ್ಟರು. ಸೊಲೊಮೋನನ ಕಾಲದಿಂದ ಆವರೆಗೂ ಯೆರೂಸಲೇಮಿನಲ್ಲಿ ಅಂಥ ಸಂತೋಷ ಇರಲಿಲ್ಲ ಅಂತ ದಾಖಲೆ ಇದೆ.

ಸೊಲೊಮೋನನ ಕಾಲದಲ್ಲಿ ಎಲ್ಲ ಸರಿಯಾಗಿತ್ತು. ಹೊಸ ದೇವಾಲಯ, ಬಂಗಾರ, ವರ್ಗವರ್ಗವಾಗಿ ಹಾಡೋ ಲೇವಿಯರು. ಅದಾದ ಮೇಲೆ ಅಷ್ಟೇ ಸಂತೋಷ ಬಂದದ್ದು ತಾರೀಕು ತಪ್ಪಿದ, ಜನ ಅರ್ಧ ಸಿದ್ಧರಾಗಿದ್ದ, ಊಟ ಕ್ರಮ ತಪ್ಪಿದ ಈ ಹಬ್ಬದಲ್ಲಿ. ಇದನ್ನ ಬರೆದಿಟ್ಟ ಪವಿತ್ರಾತ್ಮನಿಗೆ ಸ್ತೋತ್ರ.

ಈಗ ನಮ್ಮ ಈಸ್ಟರ್‌ಗೆ ಬರೋಣ. ಶುಕ್ರವಾರ ರಾತ್ರಿಯಿಂದಲೇ ನಿಮ್ಮ ಸ್ಟೇಟಸ್‌ಗಳನ್ನ ನೋಡ್ತಾ ಇದ್ದೆ. ಎಷ್ಟು ಚೆಂದ! ಅಪ್ಪ, ಅಮ್ಮ, ಮಕ್ಕಳು ಎಲ್ಲ ಒಂದೇ ಬಿಳಿ, ಒಂದೇ ಬಾರ್ಡರ್. ಅದರಲ್ಲಿ ತಪ್ಪೇನಿಲ್ಲ, ನಾವೂ ತೆಗೆಸಿಕೊಂಡ್ವಿ. ಆದ್ರೆ ಆ ಒಂದು ಫೋಟೋಗೆ ಮುಂಚೆ ತೆಗೆದ ನಲವತ್ತು ಫೋಟೋ ಯಾರ ಫೋನಲ್ಲಿ ಇದೆಯೋ ಅವರಿಗೆ ಗೊತ್ತು. ನಮ್ಮನೆಯ ನಲವತ್ತರಲ್ಲಿ ಮೂವತ್ತರಲ್ಲಿ ಮಗನ ಬೆನ್ನು ಮಾತ್ರ ಕಾಣುತ್ತೆ.

ನಮ್ಮ ಮಗಳಿಗೆ ಆರು ವರ್ಷ, ಮಗನಿಗೆ ಮೂರು. ಬೆಳಗಿನ ಜಾವದ ಆರಾಧನೆ ಐದೂವರೆಗೆ ಅಂತ ಇಟ್ಟದ್ದು ನಿಮಗೆಲ್ಲ ನೆನಪಿದೆ. ನಾಲ್ಕು ಗಂಟೆಗೆ ಮಕ್ಕಳನ್ನ ಎಬ್ಬಿಸಿ, ಮಗನಿಗೆ ಬಿಳಿ ಜುಬ್ಬ ಹಾಕಿ, ಹೊರಡೋ ಮುಂಚೆ ರಾಗಿ ಮಾಲ್ಟ್ ಕೊಟ್ರು. ಬಿಳಿ ಜುಬ್ಬ, ರಾಗಿ ಮಾಲ್ಟ್. ಮುಂದಿನದು ನಾನು ಹೇಳಬೇಕಾಗಿಲ್ಲ. ಆಟೋದಲ್ಲಿ ನನ್ನ ಹೆಂಡತಿ ಹೇಳಿದ ಮಾತು: "ರೀ, ಬಿಡಿ, ಯೇಸು ಸ್ವಾಮಿ ಬಟ್ಟೆ ಸಮಾಧಿಯಲ್ಲೇ ಬಿಟ್ಟು ಎದ್ದು ಬಂದ್ರು." ಬೈಬಲ್ ಕಾಲೇಜಲ್ಲಿ ಯಾರೂ ನನಗೆ ಕೊಡದ ವ್ಯಾಖ್ಯಾನ ಅದು.

ಕರ್ತನ ಮೇಜಿನ ಸಮಯ ನೀವೇ ನೋಡಿದ್ರಿ. ಇಡೀ ಸಭೆ ಮೌನವಾಗಿದೆ, ಕಣ್ಣು ಮುಚ್ಚಿದೆ, ಎಲ್ಲರ ಕೈಯಲ್ಲೂ ಪುಟ್ಟ ಲೋಟ ಇದೆ. ಆಗ ಮೊದಲನೇ ಸಾಲಿಂದ ಒಂದು ಧ್ವನಿ: "ಅಮ್ಮಾ, ನಂಗೆ ದೊಡ್ಡ ಲೋಟದಲ್ಲಿ ಕೊಡು!" ಪಾಸ್ಟರ್ ಮಗ. ನಕ್ಕವರಿಗೆಲ್ಲ ದೇವರು ಒಳ್ಳೇದು ಮಾಡಲಿ. ನನಗೆ ಅದು ಒಳ್ಳೇ ಬೇಡಿಕೆ ಅಂತಲೇ ಅನಿಸ್ತು.

ಮಧ್ಯಾಹ್ನದ ಬಿರಿಯಾನಿ ತಳ ಹಿಡೀತು. ಕಾರಣ ಮೊಟ್ಟೆ. ಈ ಮೊಟ್ಟೆ ವಿಷಯ ವರ್ಷವರ್ಷ ಯೂತ್ ಮೀಟಿಂಗಲ್ಲಿ ಯಾರಾದ್ರೂ ಕೇಳ್ತಾರೆ: ಪಾಸ್ಟರ್, ಈಸ್ಟರ್ ಎಗ್ ಇಡಬಹುದಾ? ಸತ್ಯವೇದದಲ್ಲಿ ಇಲ್ಲ. ಹಿಂದೆ ಸಭೆಯವರು ತಪಸ್ಸು ಕಾಲದ ಉಪವಾಸದಲ್ಲಿ ಮೊಟ್ಟೆ ತಿಂತಿರಲಿಲ್ಲ, ಕೋಳಿ ಮಾತ್ರ ಉಪವಾಸ ಮಾಡ್ತಿರಲಿಲ್ಲ, ಹಬ್ಬದ ದಿನಕ್ಕೆ ಮನೆ ತುಂಬಾ ಮೊಟ್ಟೆ ಇರ್ತಿತ್ತು. ಬಣ್ಣ ಹಾಕಿ ಮಕ್ಕಳಿಗೆ ಕೊಡೋರು. ಅದನ್ನ ಆರಾಧಿಸಬೇಡಿ, ಅದಕ್ಕೆ ಹೆದರಲೂಬೇಡಿ, ಉಪ್ಪು ಮೆಣಸು ಹಾಕಿ ತಿನ್ನಿ. ನಮ್ಮನೇಲಿ ಈರುಳ್ಳಿ ಸಿಪ್ಪೆ ಹಾಕಿ ಬೇಯಿಸ್ತೀವಿ, ಕೆಂಪಗೆ ಇಟ್ಟಿಗೆ ಬಣ್ಣ ಬರುತ್ತೆ. ಹನ್ನೆರಡು ಮೊಟ್ಟೆ ಬಚ್ಚಿಟ್ಟದ್ದು, ಹನ್ನೊಂದು ಸಿಕ್ಕಿತು. ಹನ್ನೆರಡನೆಯದನ್ನ ಹುಡುಕೋಕೆ ಎಲ್ಲರೂ ಮಂಚದ ಕೆಳಗೆ ಇದ್ದಾಗ ಅಡುಗೆಮನೆಯಿಂದ ವಾಸನೆ ಬಂತು. ನಮ್ಮಮ್ಮ ಹಾಸನದಿಂದ ಬಂದಿದ್ರು. "ತಳದ್ದೇ ರುಚಿ, ಕೆರೆದು ನಂಗೆ ಹಾಕಿ" ಅಂದ್ರು.

ಆ ಹನ್ನೆರಡನೇ ಮೊಟ್ಟೆ ಗುರುವಾರ ಸಿಕ್ತು. ಚಪ್ಪಲಿ ಸ್ಟ್ಯಾಂಡ್ ಹಿಂದೆ. ಸಿಕ್ತು ಅನ್ನೋದಕ್ಕಿಂತ ಅದೇ ನಮ್ಮನ್ನ ಕರೀತು. ಮಗಳು ಮೂಗು ಮುಚ್ಚಿಕೊಂಡು ಲೆಕ್ಕ ಹಾಕಿದಳು, ಭಾನುವಾರ, ಸೋಮವಾರ, ಮಂಗಳವಾರ, ಬುಧವಾರ. "ಅಪ್ಪಾ, ಲಾಜರನ ಹಾಗೆ ನಾಲ್ಕು ದಿನ!" ಸಂಡೇ ಸ್ಕೂಲ್ ಟೀಚರ್‌ಗಳಿಗೆ ಸ್ತೋತ್ರ, ನೀವು ಕಲಿಸ್ತಿರೋದು ವ್ಯರ್ಥ ಆಗ್ತಿಲ್ಲ. ಯೋಹಾನ 11ರಲ್ಲಿ ಮಾರ್ಥಳ ಚಿಂತೆಯೂ ಅದೇ ಅಲ್ವಾ, ನಾಲ್ಕು ದಿನ ಆಗಿದೆ, ಈಗ ಕಲ್ಲು ತೆಗೆದರೆ ವಾಸನೆ ಬರುತ್ತೆ ಅಂತ. ಆಮೇಲೆ ಮಗಳು ಇನ್ನೊಂದು ಮಾತು ಸೇರಿಸಿದಳು. "ಯೇಸಪ್ಪಂಗೆ ವಾಸನೆ ಬರ್ಲೇ ಇಲ್ಲ ಅಲ್ವಾ?" ಅಪೊಸ್ತಲರ ಕೃತ್ಯಗಳು 2ರಲ್ಲಿ ಪೇತ್ರನು ಪಂಚಾಶತ್ತಮ ದಿನದಲ್ಲಿ ಕೀರ್ತನೆಯಿಂದ ಎತ್ತಿ ತೋರಿಸಿ ಸಾರಿದ್ದು ಇದೇ ಸತ್ಯ, ಕ್ರಿಸ್ತನ ಶರೀರ ಕೊಳೆಯಲಿಲ್ಲ. ದಾವೀದನ ಸಮಾಧಿ ನಮ್ಮಲ್ಲೇ ಇದೆ, ಅವನು ತನ್ನ ಬಗ್ಗೆ ಹೇಳಿಕೊಂಡಿರೋಕೆ ಸಾಧ್ಯವಿಲ್ಲ ಅನ್ನೋದು ಪೇತ್ರನ ವಾದ. ನನಗೆ ಇದನ್ನ ವಿವರಿಸೋಕೆ ಕಾಲೇಜಲ್ಲಿ ಎಂಟು ಪುಟ ಬೇಕಾಗಿತ್ತು.

ನಕ್ಕಿದ್ದು ಸಾಕು. ಈಗ ಊಟದ ಹೊತ್ತಿಗೆ ಹಿಂದಕ್ಕೆ ಹೋಗ್ತೀನಿ, ನಿಮಗೆ ಹೇಳಬೇಕು ಅಂತ ಬಂದದ್ದು ಅದನ್ನೇ.

ನಮ್ಮ ತಂದೆ ಕಳೆದ ಆಗಸ್ಟ್‌ನಲ್ಲಿ ಕರ್ತನ ಬಳಿಗೆ ಹೋದರು. ನಿಮ್ಮಲ್ಲಿ ಬಹಳ ಜನ ಆ ದಿನ ಬಂದು ನಮ್ಮ ಜೊತೆ ನಿಂತ್ರಿ, ನಾನು ಮರೆಯಲ್ಲ. ಬಸ್ ಕಂಡಕ್ಟರ್ ಆಗಿದ್ದವರು ಅವರು. ಅಮ್ಮ ಆ ಮೇಲೆ ಊರು ಬಿಟ್ಟು ಹೊರಗೆ ಬಂದಿರಲಿಲ್ಲ. ಕ್ರಿಸ್‌ಮಸ್‌ಗೆ ಕರೆದ್ವಿ, ಮೊಣಕಾಲು ನೋವು ಅಂದ್ರು. ಹೊಸ ವರ್ಷದ ಆರಾಧನೆಗೆ ಕರೆದ್ವಿ, ಮನೇಲಿ ಯಾರೂ ಇಲ್ಲ, ಹಸು ಇದೆ ಅಂದ್ರು. ಈಸ್ಟರ್‌ಗೆ ಬಂದದ್ದು ಮೊಮ್ಮಗಳು ಫೋನಲ್ಲಿ ಅತ್ತದ್ದಕ್ಕೆ. ಬಂದ್ರೂ ಊಟಕ್ಕೆ ನಮ್ಮ ಜೊತೆ ಕೂರ್ತಿರಲಿಲ್ಲ, ಆಮೇಲೆ ತಿಂತೀನಿ ಅಂತ ಅಡುಗೆಮನೇಲೇ ನಿಂತಿರ್ತಿದ್ರು. ಐವತ್ತು ವರ್ಷ ಜೊತೆಗೆ ಉಂಡವರು ಒಬ್ಬರೇ ಕೂರೋದು ಹೇಗೆ ಅಂತ ಕಲೀತಾ ಇದ್ದಾರೆ.

ತಟ್ಟೆ ಹಾಕೋ ಕೆಲಸ ಮಗಳದ್ದು. ನಾವು ಐದು ಜನ. ಆರು ತಟ್ಟೆ ಹಾಕಿದ್ದಳು. "ಇದು ಯಾರಿಗಮ್ಮಾ?" ಅಂತ ನನ್ನ ಹೆಂಡತಿ ಕೇಳಿದ್ರು. "ತಾತಂಗೆ. ಯೇಸಪ್ಪ ಎದ್ರಲ್ಲಾ, ಈಗ ತಾತನೂ ಬರ್ತಾರೆ."

ಮನೇಲಿ ಯಾರೂ ಮಾತಾಡಲಿಲ್ಲ. ಫ್ಯಾನ್ ಸದ್ದು ಒಂದೇ. ಅಮ್ಮನ ಮುಖ ನೋಡೋಕೆ ನನ್ನಿಂದ ಆಗಲಿಲ್ಲ.

ಮಕ್ಕಳು ಕೇಳ್ತಾರೆ ಅಂತ ದೇವರಿಗೆ ಗೊತ್ತಿತ್ತು. ವಿಮೋಚನಕಾಂಡ 12ನೇ ಅಧ್ಯಾಯ 26ನೇ ವಚನ. ಮೊದಲನೇ ಪಸ್ಕ ಇನ್ನೂ ಶುರುವಾಗಿಲ್ಲ, ರಕ್ತ ಇನ್ನೂ ಬಾಗಿಲ ಕಂಬಕ್ಕೆ ಹಚ್ಚಿಲ್ಲ, ಆಗಲೇ ಮೋಶೆ ಹೇಳ್ತಾನೆ, ಮುಂದೆ ನಿಮ್ಮ ಮಕ್ಕಳು ಇದರ ಅರ್ಥ ಏನು ಅಂತ ಕೇಳುವಾಗ ಹೀಗೆ ಉತ್ತರ ಕೊಡಿ ಅಂತ. ಆ ಹಬ್ಬದ ಒಳಗೇ ಮಗುವಿನ ಪ್ರಶ್ನೆಗೆ ಜಾಗ ಇದೆ. ಸದ್ದು ಮಾಡಬೇಡ, ಸುಮ್ನೆ ಕೂರು ಅಂತ ಅಲ್ಲಿ ಬರೆದಿಲ್ಲ. ಆ ರಾತ್ರಿಯ ಊಟ ಹೇಗಿತ್ತು ನೆನಪಿಸಿಕೊಳ್ಳಿ. ನಡು ಕಟ್ಟಿಕೊಂಡು, ಕೆರ ಮೆಟ್ಟಿಕೊಂಡು, ಕೋಲು ಹಿಡಿದು, ಅವಸರದಲ್ಲಿ. ಹಿಟ್ಟು ಹುಳಿಯೋಕೂ ಪುರುಸೊತ್ತು ಇರಲಿಲ್ಲ. ಉಬ್ಬದೇ ಹೋದ ಆ ರೊಟ್ಟಿಯನ್ನೇ ದೇವರು ತಲತಲಾಂತರಕ್ಕೂ ಹಬ್ಬದ ರೊಟ್ಟಿ ಮಾಡಿದನು. ಕಂಕುಳಲ್ಲಿ ಕೂಸು ಇದ್ದ ಎಷ್ಟು ತಾಯಂದಿರು ಆ ರಾತ್ರಿ ಒಂದು ಕೈಯಲ್ಲಿ ಉಂಡಿರಬೇಕು!

ಸರಿ, ಮಗಳಿಗೆ ಏನು ಉತ್ತರ? ತಾತ ನಕ್ಷತ್ರ ಆಗಿದ್ದಾರೆ ಅಂತ ನಾವು ಹೇಳೋದಿಲ್ಲ. ತಾತ ಬರೋದೇ ಇಲ್ಲ ಅಂತಲೂ ಹೇಳೋಕಾಗಲ್ಲ, ಯಾಕಂದ್ರೆ ಅದು ಸುಳ್ಳು. ಈ ಎರಡರ ಮಧ್ಯೆ ಇರೋದು 1 ಕೊರಿಂಥ 15. ಅಲ್ಲಿ ಪೌಲನು ಕ್ರಿಸ್ತನನ್ನ ಪ್ರಥಮಫಲ ಅಂತ ಕರೀತಾನೆ. ಯಾಜಕಕಾಂಡ 23ರಲ್ಲಿ ಇದರ ಬೇರು ಇದೆ. ಸುಗ್ಗಿಯ ಮೊದಲನೇ ಸಿವುಡನ್ನ ಯಾಜಕನ ಬಳಿಗೆ ತರಬೇಕು, ಅವನು ಅದನ್ನ ಸಬ್ಬತ್ತಿನ ಮರುದಿನ ಕರ್ತನ ಮುಂದೆ ಆಡಿಸಬೇಕು. ಸಬ್ಬತ್ತಿನ ಮರುದಿನ ಅಂದ್ರೆ ವಾರದ ಮೊದಲನೇ ದಿನ, ಭಾನುವಾರ! ಒಂದು ಸಿವುಡು ಬಂತು ಅಂದ್ರೆ ಹೊಲ ಪೂರ್ತಿ ಬರಲಿದೆ ಅಂತ ಅರ್ಥ. ಹಾಸನದ ಕಡೆ ರಾಗಿ ಬೆಳೆದವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಮೊದಲ ತೆನೆ ಬಲಿತದ್ದು ಕಂಡ ದಿನ ರೈತ ಕುಡುಗೋಲು ಹದ ಮಾಡ್ತಾನೆ. 23ನೇ ವಚನದಲ್ಲಿ ಪೌಲನು ಒಬ್ಬೊಬ್ಬರೂ ತಮ್ಮ ತಮ್ಮ ಕ್ರಮದಲ್ಲಿ ಅಂತಾನೆ. ಮೊದಲು ಕ್ರಿಸ್ತನು, ಆಮೇಲೆ ಆತನ ಬರೋಣದಲ್ಲಿ ಆತನವರು.

ನಾನು ಮಗಳ ಪಕ್ಕ ಕೂತು ಅಷ್ಟನ್ನೇ ಹೇಳಿದೆ. "ಯೇಸಪ್ಪ ಮೊದಲು ಎದ್ದರು ಮಗಳೇ. ಆಮೇಲೆ ಅವರು ತಿರುಗಿ ಬಂದಾಗ ತಾತ ಏಳ್ತಾರೆ. ಒಂದು ಕ್ರಮ ಇದೆ."

"ಲೈನ್ ಇದೆಯಾ?"

"ಇದೆ."

"ತಾತ ಕಂಡಕ್ಟರ್ ಅಲ್ವಾ ಅಪ್ಪಾ, ಲೈನಲ್ಲಿ ನಿಲ್ತಾರೆ ಬಿಡು."

ನಮ್ಮಮ್ಮ ನಕ್ಕರು. ಆಗಸ್ಟ್ ಆದ ಮೇಲೆ ಅಮ್ಮ ಹಾಗೆ ಬಾಯಿ ತುಂಬಾ ನಕ್ಕದ್ದನ್ನ ನಾನು ನೋಡಿರಲಿಲ್ಲ. ನಗ್ತಾ ನಗ್ತಾ ಸೆರಗಲ್ಲಿ ಕಣ್ಣು ಒರೆಸಿಕೊಂಡ್ರು. ಆಮೇಲೆ ಆ ಆರನೇ ತಟ್ಟೆ ಕಡೆ ನೋಡಿದ್ರು. ನಮ್ಮ ನಾಡಲ್ಲಿ ತೀರಿಕೊಂಡವರಿಗೆ ಎಡೆ ಇಡೋ ಪದ್ಧತಿ ಇದೆ, ನಿಮಗೆ ಗೊತ್ತು. ಅಮ್ಮ ವಿಶ್ವಾಸಕ್ಕೆ ಬರೋ ಮುಂಚೆ ಅವರ ತಾಯಿ ಮನೇಲಿ ಮಹಾಲಯ ಅಮಾವಾಸ್ಯೆಗೆ ಎಡೆ ಇಡೋದನ್ನ ನೋಡಿ ಬೆಳೆದವರು. ಖಾಲಿ ತಟ್ಟೆ ಅವರಿಗೆ ಬರೀ ತಟ್ಟೆ ಅಲ್ಲ. ಎತ್ತಿಡು ಅಂತಾರೆ ಅಂದುಕೊಂಡೆ. ಅವರು ಅಂದದ್ದು: "ಮಗು ಹಾಕಿರೋ ತಟ್ಟೆ ಎತ್ತಬೇಡ. ಹಸಿದವರು ಯಾರಿದ್ದಾರೆ ನೋಡು, ಕರ್ಕೊಂಡ್ ಬಾ."

ಕೆಳಗೆ ಹೋದೆ. ನಮ್ಮ ಬಿಲ್ಡಿಂಗ್ ವಾಚ್‌ಮನ್ ಅಣ್ಣ ಅಸ್ಸಾಮಿನವರು, ಬಂದು ಮೂರು ತಿಂಗಳಾಗಿದೆ. ಟಿಫಿನ್ ಬಾಕ್ಸ್ ಆಗಲೇ ತೆಗೆದಿದ್ರು, ಅದನ್ನೂ ಹಿಡ್ಕೊಂಡೇ ಮೇಲೆ ಬಂದ್ರು. ಗೇಟಿನ ಹತ್ತಿರ ಇಪ್ಪತ್ತು ನಿಮಿಷ ನನ್ನ ಹೆಂಡತಿಯ ತಮ್ಮ ಹೋಗಿ ಕೂತ. ಅಮ್ಮ ಬಡಿಸಿದ್ರು. ಬಡಿಸಿ, ಅಡುಗೆಮನೆಗೆ ಹೋಗಲಿಲ್ಲ, ಅಲ್ಲೇ ಪಕ್ಕದಲ್ಲಿ ತಮ್ಮ ತಟ್ಟೆ ಎಳ್ಕೊಂಡು ಕೂತ್ರು, ತಳ ಹಿಡಿದ ಬಿರಿಯಾನಿ ಹಾಕಿಸಿಕೊಂಡು. ಮಗಳು ವಾಚ್‌ಮನ್ ಅಣ್ಣನ್ನ ಬಹಳ ಹೊತ್ತು ನೋಡಿ ಕೇಳಿದ್ಲು, "ನೀವು ನಮ್ಮ ತಾತನ ಫ್ರೆಂಡಾ?" ಅವರಿಗೆ ಕನ್ನಡ ಅರ್ಧಂಬರ್ಧ. "ಹಾಂ ಹಾಂ" ಅಂದ್ರು. ಅವಳಿಗೆ ಸಮಾಧಾನ ಆಯ್ತು. ಅವಳಿಗೆ ಆ ಮೇಲೆ ನಾನು ತಿದ್ದಲಿಲ್ಲ.

ನೆಹೆಮೀಯ 8 ಓದಿದವರಿಗೆ ಇದು ಹೊಸದಲ್ಲ. ಧರ್ಮಶಾಸ್ತ್ರ ಕೇಳಿ ಜನ ಅಳ್ತಾ ಇದ್ರು. ಅಳಬೇಡಿ, ಹೋಗಿ ಒಳ್ಳೇ ಊಟ ಮಾಡಿ, ಸಿಹಿ ಕುಡೀರಿ, ಏನೂ ಸಿದ್ಧ ಇಲ್ಲದವರಿಗೆ ಪಾಲು ಕಳಿಸಿ, ಕರ್ತನ ಸಂತೋಷವೇ ನಿಮಗೆ ಬಲ ಅನ್ನೋ ಅರ್ಥದಲ್ಲಿ ಅವರಿಗೆ ಹೇಳಲಾಯ್ತು. ಆ ಕೊನೇ ಭಾಗವನ್ನ ಫ್ರೇಮ್ ಹಾಕಿಸಿ ಗೋಡೆಗೆ ಹಾಕ್ತೀವಿ. ಪಾಲು ಕಳಿಸೋ ಭಾಗ ಫ್ರೇಮಲ್ಲಿ ಬರೋದಿಲ್ಲ, ಯಾಕೋ!

ನೀವು ಕೇಳಬಹುದು, ಪಾಸ್ಟರ್, ಹಾಗಾದ್ರೆ ಹೇಗೆ ಬಂದ್ರೂ ನಡೆಯುತ್ತಾ? ಕ್ರಮ ಬೇಡ್ವಾ, ಸಿದ್ಧತೆ ಬೇಡ್ವಾ? ಹಿಜ್ಕೀಯನ ಅಧ್ಯಾಯವನ್ನ ಸೋಮಾರಿತನಕ್ಕೆ ಚೀಟಿ ಮಾಡಿಕೊಳ್ಳೋರು 14ನೇ ವಚನ ಬಿಟ್ಟು ಓದಬಾರದು. ಆ ಜನ ಹಬ್ಬಕ್ಕೆ ಮುಂಚೆ ಯೆರೂಸಲೇಮಿನಲ್ಲಿದ್ದ ಸುಳ್ಳು ಯಜ್ಞವೇದಿಗಳನ್ನ ಕಿತ್ತು ಕಿದ್ರೋನ್ ಹಳ್ಳಕ್ಕೆ ಎಸೆದರು. ನೂರು ಕಿಲೋಮೀಟರ್ ದಾಟಿ ಬಂದವರಿಗೆ ಸಿಕ್ಕ ಕೃಪೆ ಅದು, ಗೇಲಿ ಮಾಡಿ ಮನೇಲಿ ಕೂತವರಿಗೆ ಸಿಕ್ಕದ್ದಲ್ಲ. ಆದ್ರೆ ನೋಡಿ, ಇನ್ನೊಂದು ವಿಷಯ 15ನೇ ವಚನದಲ್ಲಿದೆ. ಜನರ ಉತ್ಸಾಹ ನೋಡಿ ನಾಚಿಕೆ ಪಟ್ಟವರು ಯಾರು? ಯಾಜಕರು ಮತ್ತು ಲೇವಿಯರು. ಕ್ರಮ ಗೊತ್ತಿದ್ದವರು. ಕ್ರಮ ಗೊತ್ತಿಲ್ಲದವರಿಗಾಗಿ ಕುರಿ ಕೊಯ್ಯೋ ಕೆಲಸ ಲೇವಿಯರೇ ಮಾಡಿದರು. ಗೊತ್ತಿರೋರು ಗೊತ್ತಿಲ್ಲದವರ ಹೊರೆ ಹೊತ್ತರು, ಗದರಲಿಲ್ಲ.

ಇದನ್ನ ಯಾಕೆ ಒತ್ತಿ ಹೇಳ್ತೀನಿ? ಈ ನಗರದಲ್ಲಿ ಒಬ್ಬ ಸಹೋದರಿ ನನ್ನ ಹೆಂಡತಿಗೆ ಹೇಳಿದ ಮಾತು, ಮಗು ಅಳ್ತು ಅಂತ ಒಂದು ಕಡೆ ಮೂರು ವಾರ ತಿರುಗಿ ತಿರುಗಿ ನೋಡಿದ್ರಂತೆ. "ಮಗು ದೊಡ್ಡದಾದ ಮೇಲೆ ಬರ್ತೀನಿ ಅಕ್ಕಾ" ಅಂದ್ರಂತೆ. ಮಗು ದೊಡ್ಡದಾಗೋಕೆ ಆರೇಳು ವರ್ಷ ಬೇಕು. ಆರೇಳು ವರ್ಷ ವಾಕ್ಯ ಇಲ್ಲದೆ, ಅನ್ಯೋನ್ಯತೆ ಇಲ್ಲದೆ ಒಬ್ಬ ತಾಯಿ ಹೇಗೆ ಇರ್ತಾಳೆ? ಆ ಮಗು ದೇವರ ಮನೆ ಅಂದ್ರೆ ಅಮ್ಮನ್ನ ಅಳಿಸಿದ ಜಾಗ ಅಂತ ಕಲಿಯುತ್ತೆ. ಮತ್ತಾಯ 21ರಲ್ಲಿ, ಯೇಸು ಸ್ವಾಮಿ ಶಿಲುಬೆಗೆ ಹೋಗೋ ಆ ವಾರದಲ್ಲೇ, ಮಕ್ಕಳು ದೇವಾಲಯದೊಳಗೆ ಹೊಸನ್ನ ಅಂತ ಕೂಗ್ತಾ ಇದ್ರು. ಮುಖ್ಯಯಾಜಕರಿಗೆ ಸಿಟ್ಟು ಬಂತು, ಇವರು ಏನಂತಿದ್ದಾರೆ ಕೇಳಿಸ್ತಿದೆಯಾ ಅಂದ್ರು. ಕೇಳಿಸ್ತಿದೆ ಅಂದನು ಕರ್ತನು, ಕೂಸುಗಳ ಬಾಯಿಂದಲೇ ದೇವರು ಸ್ತೋತ್ರ ಸಿದ್ಧ ಮಾಡಿಕೊಂಡಿದ್ದನ್ನ ನೀವು ಓದಿಲ್ವಾ ಅಂತ ಅವರನ್ನೇ ಕೇಳಿದನು. ಆ ವಾರ ಪೂರ್ತಿಯಲ್ಲಿ ಆತನಿಗೆ ದೇವಾಲಯದಲ್ಲಿ ಸಿಕ್ಕ ಆರಾಧನೆ ಅಂದ್ರೆ ಈ ಗಲಾಟೆನೇ.

ಮೊದಲನೇ ಈಸ್ಟರ್ ಕೂಡ ಏನು ನೀಟಾಗಿತ್ತು ಹೇಳಿ? ಹೆಂಗಸರು ಕೊಂಡು ತಂದ ಸುಗಂಧದ್ರವ್ಯ ಬಳಕೆಗೇ ಬರಲಿಲ್ಲ. ಕಲ್ಲು ಯಾರು ಉರುಳಿಸ್ತಾರೆ ಅನ್ನೋದನ್ನ ದಾರಿಯಲ್ಲಿ ಮಾತಾಡಿಕೊಂಡ್ರು, ಅಂದ್ರೆ ಪ್ಲ್ಯಾನ್ ಇಲ್ಲದೇ ಹೊರಟಿದ್ರು. ಅವರು ಬಂದು ಹೇಳಿದ್ದನ್ನ ಅಪೊಸ್ತಲರು ಹುಚ್ಚು ಮಾತು ಅಂತ ತಳ್ಳಿಹಾಕಿದರು. ಪೇತ್ರ ಯೋಹಾನರು ಓಡಿದರು, ಯಾರು ಮೊದಲು ತಲುಪಿದರು ಅನ್ನೋದನ್ನ ಯೋಹಾನನು ಬರೆದಿಟ್ಟಿದ್ದಾನೆ, ಅದು ಅವನಿಗೆ ಮುಖ್ಯ ಆಗಿತ್ತು ಅನ್ಸುತ್ತೆ. ಸಾಯಂಕಾಲ ಕರ್ತನು ಬಂದು ತಿನ್ನೋಕೆ ಏನಾದ್ರೂ ಇದೆಯಾ ಅಂತ ಕೇಳಿದಾಗ ಅವರು ಕೊಟ್ಟದ್ದು ಸುಟ್ಟ ಮೀನಿನ ಒಂದು ತುಂಡು. ಹಬ್ಬದ ಅಡುಗೆ ಇಲ್ಲ, ಏನೂ ಇಲ್ಲ. ಆತನು ತಗೊಂಡು ಅವರ ಮುಂದೆಯೇ ತಿಂದನು. ಲೂಕ 24. ಇನ್ನೂ ನಂಬೋಕಾಗ್ತಿಲ್ಲ, ಸಂತೋಷಕ್ಕೇ ನಂಬೋಕಾಗ್ತಿಲ್ಲ, ಅಂಥ ಮನೆಯೊಳಗೆ ಎದ್ದ ಕರ್ತನು ಮೀನು ತಿಂತಾ ಕೂತಿದ್ದನು.

ಪಿಜಿಯಲ್ಲಿ ಒಬ್ಬರೇ ಇರೋ ತಮ್ಮ ತಂಗಿಯರೇ, ಇದು ಮಕ್ಕಳು ಮರಿ ಇರೋರ ಸಂದೇಶ ಅಂತ ಫೋನ್ ತೆಗೀಬೇಡಿ. ಆ ಆರನೇ ತಟ್ಟೆ ನಿಮ್ಮದೂ ಇರಬಹುದು. ಹಬ್ಬದ ದಿನ ಹೋಟೆಲ್ ಪಾರ್ಸೆಲ್ ತಿಂದವರು ಇಲ್ಲಿ ಎಷ್ಟು ಜನ ಇದ್ದೀರಿ ಅಂತ ನಾನು ಕೈ ಎತ್ತಿಸೋದಿಲ್ಲ. ಆರಾಧನೆ ಮುಗಿದ ಮೇಲೆ ನನ್ನ ಹೆಂಡತಿ ಹತ್ರ ನಿಮ್ಮ ನಂಬರ್ ಕೊಡಿ. ಪಂಚಾಶತ್ತಮ ಹಬ್ಬ ಬರ್ತಿದೆ, ಮನೆ ಇರೋ ಪ್ರತಿ ಕುಟುಂಬ ಒಂದು ತಟ್ಟೆ ಹೆಚ್ಚಿಗೆ ಹಾಕಲಿ. ತಳ ಹಿಡಿದರೂ ಪರವಾಗಿಲ್ಲ. ಮತ್ತೆ ಇವತ್ತಿಂದ ತಾಯಂದಿರ ಕೋಣೆಯ ಬಾಗಿಲು ತೆಗೆದೇ ಇರುತ್ತೆ, ಒಳಗಡೆ ಸ್ಪೀಕರ್ ಹಾಕಿಸಿದ್ದೀವಿ. ಆದ್ರೆ ಅಲ್ಲಿಗೆ ಹೋಗಲೇಬೇಕು ಅಂತ ಯಾರೂ ಯಾರಿಗೂ ಹೇಳಬಾರದು. ಮುಂದಿನ ಎರಡು ಸಾಲು ಚಿಕ್ಕ ಮಕ್ಕಳು ಇರೋರಿಗೆ.

ಎದ್ದು ನಿಲ್ಲೋಣ. ಹಿಜ್ಕೀಯನು ತನ್ನ ಜನಕ್ಕಾಗಿ ಮಾಡಿದ ಹಾಗೆ ಪ್ರಾರ್ಥನೆ ಮಾಡ್ತೀನಿ. ಮಕ್ಕಳ ತಲೆ ಮೇಲೆ ಕೈ ಇಡಿ, ನಿಮ್ಮ ಮಕ್ಕಳಲ್ಲದಿದ್ದರೂ ಪಕ್ಕದಲ್ಲಿ ಇರೋ ಮಗುವಿನ ತಲೆ ಮೇಲೆ.

ಒಳ್ಳೆಯವನಾದ ಕರ್ತನೇ, ನಿನ್ನನ್ನ ಹುಡುಕಿಕೊಂಡು ಬಂದಿದ್ದೀವಿ. ರಾತ್ರಿ ನಿದ್ದೆ ಇಲ್ಲದೆ ಬಂದವರಿದ್ದಾರೆ. ಗಂಡ ಬರದೆ ಒಬ್ಬಳೇ ಎರಡು ಮಕ್ಕಳನ್ನ ಬಸ್ಸಲ್ಲಿ ಕರ್ಕೊಂಡು ಬಂದವಳಿದ್ದಾಳೆ. ಮಗುವಿಗಾಗಿ ವರ್ಷಗಳಿಂದ ಕಾಯ್ತಾ, ಈ ಸಂದೇಶವನ್ನ ಕಷ್ಟಪಟ್ಟು ಕೇಳಿದವರಿದ್ದಾರೆ, ಅವರನ್ನ ನೀನು ಬಲ್ಲೆ. ಈ ವರ್ಷ ಮನೇಲಿ ಒಂದು ತಟ್ಟೆ ಕಡಿಮೆ ಆದವರಿದ್ದಾರೆ. ಮೊದಲು ಎದ್ದವನೇ, ನಿನ್ನ ಬರೋಣದ ದಿನದಲ್ಲಿ ನಿನ್ನವರನ್ನ ಕ್ರಮವಾಗಿ ಎಬ್ಬಿಸು. ಅಲ್ಲಿಯವರೆಗೆ ನಮ್ಮ ಮೇಜಿಗೆ ಬಾ, ನಮ್ಮಲ್ಲಿ ಇರೋದನ್ನ ತಿನ್ನು. ಹಿಜ್ಕೀಯನಿಗೆ ಕಿವಿಗೊಟ್ಟ ಹಾಗೆ ನಮಗೂ ಕಿವಿಗೊಡು, ನಿನ್ನ ಜನರನ್ನ ಸ್ವಸ್ಥ ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.

ಸಂಡೇ ಸ್ಕೂಲ್ ಮಕ್ಕಳನ್ನ ಒಳಗೆ ಕಳಿಸಿ, ಬಾಗಿಲು ತೆಗೀರಿ. ಅವರು ಬಂದ ಮೇಲೆ ಕರ್ತನ ಮೇಜಿಗೆ ಹೋಗೋಣ.